ಗುಂಡ್ಲುಪೇಟೆಗೆ ಒಯ್ದ ಕೆರೆ

ಮನುಷ್ಯನ ಜ್ಞಾನ ಬೆಳೆದಷ್ಟೂ ಅದನ್ನು ಹೊರುವ ಭಾರ ಇಳಿಯುತ್ತ ಬಂದಿದೆ ಎಂದು ಬಲ್ಲವರು ಹೇಳುತ್ತಾರೆ. ಆ ಬಲ್ಲವರು ದಸರಾ ರಜೆ ಮುಗಿದ ಮಾರನೆಯ ದಿನ ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿರಲಾರರು.

೧೯೯೯ರ ಮಾತು. ಕೆರೆಗಳ ಹೂಳು ಅಳೆಯುವ ಒಂದು ಸಣ್ಣ ಸಂಸ್ಥೆಗೆ ನಾನು ಮ್ಯಾನೇಜರು. ನಮ್ಮ ಹುಡುಗ ಮಹದೇವಸ್ವಾಮಿ ಮಳೆಗೆ ಮುಂಚೆ ವಾರಗಟ್ಟಲೆ ಉಮ್ಮತ್ತೂರು ಕಡೆಯ ಒಂದು ಒಣಕೆರೆಯಲ್ಲಿ ಮೂಡಣದಿಂದ ಪಡುವಣಕ್ಕೆ ನಡೆದಾಡಿ, ಅಂಗೈಯಗಲದ ಕಂಪ್ಯೂಟರಿಗೆ ಅಳತೆ ತುಂಬಿದ್ದ. ಕೊನೆಗೆ ಬಿಸಿಲಿಗೆ ಅದರ ಪರದೆ ಕಪ್ಪಾಗಿ ಕೈಕೊಟ್ಟಿತು. ಒಳಗಿನ ಹಾರ್ಡ್ ಡಿಸ್ಕು ಮಾತ್ರ ಕೆಟ್ಟಿರಲಿಲ್ಲ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಉಗುರಿನಿಂದ ಎಳೆದರೆ ಈಚೆ ಬರುವಂಥದು. ಗುಂಡ್ಲುಪೇಟೆ ಕಚೇರಿಯಲ್ಲಿದ್ದ ಅಂಥದೇ ಇನ್ನೊಂದು ಯಂತ್ರಕ್ಕೆ ಅದನ್ನು ತೂರಿಸಿದರೆ, ಇಂಜಿನಿಯರ್ ಲೀಲಾವತಿಯವರು ಹೂಳೆತ್ತುವ ಅಂದಾಜು ಮಾಡಿ ಸಂಜೆಯೊಳಗೆ ಸರ್ಕಾರಕ್ಕೆ ಕಳಿಸಬಹುದಿತ್ತು. ಸಂಜೆ ದಾಟಿದರೆ ಮಂಜೂರಾತಿ ಬೇರೆ ಜಿಲ್ಲೆಯ ಪಾಲು. ಮತ್ತೆ ಅಳೆಯೋಣವೆಂದರೆ ಕೆರೆಗೆ ಆಗಲೇ ನೀರು ಬಂದಿತ್ತು. ನಕಲು ಎಲ್ಲಿಯೂ ಇರಲಿಲ್ಲ.

ಜ್ವರದಲ್ಲಿ ಮಲಗಿದ್ದ ಮಹದೇವಸ್ವಾಮಿ ಡಿಸ್ಕನ್ನು ನನ್ನ ಕೈಗಿಟ್ಟು, "ಒಳ್ಗಡೆ ತಟ್ಟೆ ತಿರುಗ್ತದೆ ಸಾ. ಬಿದ್ರೆ ಮುಗೀತು. ಜೇಬ್ಗೆ ಮಾತ್ರ ಆಕಬ್ಯಾಡಿ, ಬಗ್ಗುದ್ರೆ ಜಾರ್ಬುಡ್ತದೆ" ಎಂದ.

"ನನ್ನನ್ನೇನು ಮಗು ಅಂದ್ಕೊಂಡೆಯೇನಯ್ಯಾ?"

"ಮಗುವಾಗಿದ್ರೆ ಜೊತೇಲಿ ದೊಡ್ಡೋರ್ ಯಾರಾರ ಬರೋರು ಸಾ."

ಡಿಸ್ಕನ್ನು ನನ್ನ ಟವೆಲ್ಲಿನಲ್ಲಿ ಹಲವು ಮಡಿಕೆಗಳಲ್ಲಿ ಸುತ್ತಿ, ಉತ್ಸವಮೂರ್ತಿಯನ್ನು ಹೊತ್ತವನ ಗಾಂಭೀರ್ಯದಿಂದ ಬಸ್‌ಸ್ಟ್ಯಾಂಡಿಗೆ ನಡೆದೆ. ಮೋಡ ಕವಿದಿತ್ತು. ಇಡ್ಲಿ ತಿನ್ನುವಾಗಲೂ ಟವೆಲ್ಲನ್ನು ತೊಡೆಯಿಂದ ಇಳಿಸಲಿಲ್ಲ.

ಬಸ್ಸು ಬಂತು. ಊರಿಗೆ ಊರೇ ಅದರ ಹಿಂದೆ ಓಡಿತು, ನಾನೂ ಓಡಿದೆ. ನಮ್ಮ ಸೀಮೆಯಲ್ಲಿ ಸೀಟು ಹಿಡಿಯುವ ಶಾಸ್ತ್ರ ಒಂದೇ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆಯಬೇಕು. ಅದು ಬಿದ್ದ ಸೀಟನ್ನು ಯಾರೂ ಮುಟ್ಟುವುದಿಲ್ಲ. ಎಸೆದೆ. ಎಂದಿಗಿಂತ ದೂರ ಹೋಯಿತಲ್ಲ ಎಂದು ಅರೆಕ್ಷಣ ಹೆಮ್ಮೆಯೂ ಪಟ್ಟೆ. ಯಾಕೆ ಹೋಯಿತೆಂಬುದು ಆಮೇಲೆ ಹೊಳೆಯಿತು.

ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದೆ. ಸೀಟು ಖಾಲಿಯೇ ಇತ್ತು. ಅದರ ಮೇಲೆ ಟವೆಲ್ಲು ಮದುವೆಮನೆಯ ಜಮಖಾನೆಯಂತೆ ನೀಟಾಗಿ ಹರಡಿತ್ತು.

"ನಾನೇ ವದ್ರಿ ಹಾಸ್ದೆ ಬುದ್ದಿ. ಮುದ್ರುಕೊಂಡ್ ಬಿದ್ದಿತ್ತು" ಎಂದರು ಪಕ್ಕದ ಸೀಟಿನ ರುಮಾಲಿನ ಯಜಮಾನರು, ಉಪಕಾರ ಮಾಡಿದ ಸಂತೋಷದಲ್ಲಿ.

ನಾನು ಸೀಟಿನಡಿಗೆ ತಲೆ ತೂರಿಸಿದೆ. ಬಸ್ಸು ಹೊರಟಿತು. ಕೆಳಗೆ ಚಪ್ಪಲಿ, ಕಡಲೆಕಾಯಿ ಸಿಪ್ಪೆ, ಕಾಲು ಕಟ್ಟಿದ ಒಂದು ಕೋಳಿ. ಅದು ನನ್ನನ್ನು ಅನುಮಾನದಿಂದ ನೋಡಿತು.

"ಏನ್ ಕಳ್ಕಂಡ್ರಿ?" ಎದುರು ಸೀಟಿನ ಮುದುಕಿ ಕೇಳಿದರು.

"ಒಂದು ಕೆರೆಯ ಲೆಕ್ಕವಮ್ಮ. ಸಣ್ಣ ಪೆಟ್ಟಿಗೇಲಿತ್ತು."

"ಅಯ್ಯೋ ಶಿವ್ನೆ, ಕೆರೆಗ್ ಕೆರೆನೇ ಕಳ್ಕಂಡ್ಬುಟ್ಟವ್ರಂತೆ! ಕಾಲ್ ಎತ್ರಲಾ ಎಲ್ರೂವೆ!"

ಎಲ್ಲರೂ ಕಾಲೆತ್ತಿದರು. ಕಂಡಕ್ಟರ್ ಮಾತ್ರ, "ಟಿಕೆಟ್ ತಕ್ಕಂಡ್ ಮುಳುಗಿ ಸಾಮಿ" ಎಂದ.

ತೆರಕಣಾಂಬಿವರೆಗೆ ಸಿಗಲಿಲ್ಲ. ರಸ್ತೆಯ ಒಂದೊಂದು ಹಳ್ಳಕ್ಕೂ, ಎಲ್ಲೋ ಒಂದು ತಟ್ಟೆಯ ಮೇಲೆ ಮಹದೇವಸ್ವಾಮಿಯ ದುಡಿಮೆಗೆ ಗೀರು ಬೀಳುತ್ತಿದೆ ಎನ್ನಿಸುತ್ತಿತ್ತು. ಮಳೆ ಶುರುವಾಗಿ ಬಸ್ಸಿನ ಚಾವಣಿ ತೊಟ್ಟಿಕ್ಕತೊಡಗಿತು. ತೆರಕಣಾಂಬಿಯಲ್ಲಿ ಇಳಿಯಲು ಮುದುಕಿ ತಮ್ಮ ಬುಟ್ಟಿ ಎತ್ತಿದಾಗ, ವೀಳ್ಯದೆಲೆ ಕಟ್ಟುಗಳ ನಡುವೆ ಡಿಸ್ಕು ಮಲಗಿತ್ತು.

"ಇದೇನಾ ನಿಮ್ ಕೆರೆ?" ಎಂದು ಅದನ್ನು ಸೆರಗಿನಲ್ಲಿ ಒರೆಸಿ ಕೊಟ್ಟರು. "ಎಲೆ ಮ್ಯಾಕ್ ಬಿದ್ದದೆ, ಏನೂ ಆಗಿರಕಿಲ್ಲ. ಓಗಿ ಬನ್ನಿ."

ಅವರ ಮಾತನ್ನು ನಂಬಲು ಬಹಳ ಪ್ರಯತ್ನಪಟ್ಟೆ. ಗುಂಡ್ಲುಪೇಟೆವರೆಗೆ ಡಿಸ್ಕನ್ನು ಎರಡೂ ಅಂಗೈ ನಡುವೆ ಹಿಡಿದು ಕುಳಿತೆ. ಕೈಮುಗಿದಂತೆ ಕಂಡಿತೇನೋ, ಯಜಮಾನರು ಯಾವ ದೇವರ ಒಕ್ಕಲು ಎಂದು ವಿಚಾರಿಸಿದರು.

ಲೀಲಾವತಿಯವರು ಡಿಸ್ಕನ್ನು ಯಂತ್ರಕ್ಕೆ ತೂರಿಸಿದರು. ಅದು ಹಲ್ಲಿ ಲೊಚಗುಟ್ಟಿದಂತೆ ಸದ್ದು ಮಾಡಿತು, ನಿಂತಿತು, ಮತ್ತೆ ಮಾಡಿತು. ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಏರಿ ಬಂದು ನಡುವೆ ನಿಂತುಬಿಟ್ಟವು. ಇನ್ನೆರಡು ಸಲ ತೆಗೆದು ಹಾಕಿದರು. ಅಲ್ಲಿಗೇ ನಿಂತವು.

"ದಾರೀಲಿ ಏನಾದ್ರೂ ಆಯ್ತಾ ಸಾರ್?" ಎಂದರು.

ಹೇಳಿದೆ. ಅವರು ನಗಲಿಲ್ಲ, ಅದೇ ಕಷ್ಟವಾಯಿತು. ಬಂದಷ್ಟು ಅಳತೆಗೆ ಅಂದಾಜು ಬರೆದು ಕತ್ತಲಾಗುವ ಮುಂಚೆ ಕಳಿಸಿದರು.

ಮುಂದಿನ ಬೇಸಿಗೆಯಲ್ಲಿ ಆ ಕೆರೆಯ ಮೂಡಣ ಭಾಗದ ಹೂಳನ್ನು ಮಾತ್ರ ತೆಗೆಯಲಾಯಿತು.