ಬೆನ್ನ ಹಿಂದಿನ ಧಾರಾವಾಹಿ

ಹೊಲಿಗೆ ಯಂತ್ರಕ್ಕೆ ಒಂದು ಹನಿ ಎಣ್ಣೆ ಬಿಟ್ಟು, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, “ದೇವರೇ, ಇವತ್ತಿನದು ನಡೆಸಿಕೊಡಪ್ಪ” ಎನ್ನದೆ ಅತ್ತಿಗೆ ಎಂದೂ ಕೆಲಸ ಶುರು ಮಾಡಿದವಳಲ್ಲ. ಜ್ವರ ಬಂದ ದಿನವೂ ಅಷ್ಟೇ. ಆಮೇಲೆ ಬೆಳಕಿಗೆಂದು ಕಿಟಕಿಗೆ ಮುಖ ಮಾಡಿ ಕೂತರೆ ಸಂಜೆಯವರೆಗೆ ಕಾಲು ನಿಲ್ಲುತ್ತಿರಲಿಲ್ಲ.

ಆ ವಾರ ನಾದಿನಿ ಬಂದು ಇವಳ ಮನೆಯಲ್ಲಿದ್ದಳು. ಕುತ್ತಿಗೆಯ ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ವರದಿಗೆ ಇನ್ನೂ ಐದು ದಿನ. ಅವಳ ಭಯವನ್ನೆಲ್ಲ ಅತ್ತಿಗೆ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಆದರೆ ಎರಡನೇ ದಿನವೂ ತಟ್ಟೆಯ ಊಟ ಹಾಗೇ ಒಣಗಿದಾಗ ದಿಗಿಲಾಯಿತು. ಹೀಗೇ ಆದರೆ ವರದಿ ಬರುವ ಮೊದಲೇ ಹುಡುಗಿ ಹಾಸಿಗೆ ಹಿಡಿಯುತ್ತಾಳೆ!

“ನಾಲ್ಕು ಗಂಟೆಗೆ ಬಸ್ಸಿನ ಧಾರಾವಾಹಿ ಬರುತ್ತೆ, ನೋಡೇ!”

“ನನಗಿಲ್ಲಿ ಜೀವ ಹೋಗ್ತಿದೆ, ನಿಮಗೆ ಧಾರಾವಾಹಿ ಚಿಂತೆ!”

“ಅತ್ತೆ ಸೊಸೆ ಜಗಳ ಅಲ್ಲ ಕಣೇ ಇದು! ಒಬ್ಬ ಡ್ರೈವರು, ಒಂದು ಲಟಾರಿ ಬಸ್ಸು. ಏನೇ ಆಗಲಿ, ಹತ್ತಿದವರನ್ನ ಮನೆ ಮುಟ್ಟಿಸದೆ ಬಿಡಲ್ಲ. ಆರಡಿ ಆಳು, ಹುರಿಮೀಸೆ! ‘ಗಟ್ಟಿಯಾಗಿ ಹಿಡ್ಕೊಳ್ಳಿ’ ಅಂದ ಅಂದ್ರೆ ನನಗೆ ಎದೆ ತುಂಬಿ ಬರುತ್ತೆ!”

ಕಾಟ ತಾಳದೆ ನಾದಿನಿ ಟಿವಿ ಹಾಕಿದಳು. ಎರಡು ನಿಮಿಷವಾಗಿರಲಿಲ್ಲ.

“ಅತ್ತಿಗೆ, ಎಲ್ಲಿ ನಿಮ್ಮ ಆರಡಿ ಆಳು?”

“ಈಗ ಮಾತಾಡಿದನಲ್ಲ!”

“ಇವನಾ? ರಸ್ತೆ ಕಾಣಲಿ ಅಂತ ದಿಂಬು ಹಾಕ್ಕೊಂಡು ಕೂತಿದಾನೆ! ತಲೆ ಮೇಲೂ ಕೂದಲಿಲ್ಲ, ಮೂಗಿನ ಕೆಳಗೂ ಇಲ್ಲ!”

ಅತ್ತಿಗೆಯ ಕಾಲು ಗಕ್ಕನೆ ನಿಂತಿತು. ಟಿವಿ ಅವಳ ಬೆನ್ನ ಹಿಂದಿತ್ತು. ಎರಡು ವರ್ಷದಿಂದ ಆ ಧಾರಾವಾಹಿಯನ್ನು ಅವಳು ಕೇಳಿದ್ದಳೇ ಹೊರತು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ದನಿಗೆ ತಕ್ಕಂತೆ ಆಳನ್ನು ತಾನೇ ಹೊಲಿದುಕೊಂಡಿದ್ದಳು. ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸುಸ್ತಾಗಿ, ತಾನಾಗಿಯೇ ತಟ್ಟೆ ಎಳೆದುಕೊಂಡಳು.

ಮರುದಿನ ಮೂರೂವರೆಗೇ ತಟ್ಟೆ ಸಮೇತ ಟಿವಿ ಮುಂದೆ ಹಾಜರು. “ಕಂಡಕ್ಟರಮ್ಮ ದಪ್ಪ ಅಂದಿರಲ್ಲ, ಕಡ್ಡಿ ಇದ್ದ ಹಾಗಿದಾಳೆ!”

“ಹೇಳಬೇಡ ಕಣೇ! ...ಸೀರೆ ಯಾವ ಬಣ್ಣ?”

ಐದನೇ ದಿನ ವರದಿ ಬಂತು. ಹೆದರುವಂಥದ್ದೇನೂ ಇರಲಿಲ್ಲ. ಆಸ್ಪತ್ರೆಯಿಂದ ಓಡೋಡಿ ಬಂದ ನಾದಿನಿ ಚಪ್ಪಲಿಯನ್ನೂ ಬಿಡದೆ ಯಂತ್ರಕ್ಕೆ ಕೈ ಹಾಕಿದಳು.

“ಏಳಿ ಅತ್ತಿಗೆ! ಇದನ್ನ ಟಿವಿ ಕಡೆ ತಿರುಗಿಸಿಡ್ತೀನಿ. ನೀವೂ ಕಣ್ತುಂಬ ನೋಡಿ!”

ಅತ್ತಿಗೆ ಕಣ್ಣೊರೆಸಿಕೊಂಡು ಯಂತ್ರವನ್ನು ಇನ್ನೊಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ಬೇಡ ಕಣೇ ತಾಯಿ, ಕೈ ತೆಗಿ. ಅವನನ್ನ ನೋಡ್ತಾ ಕೂತ್ರೆ ತೋಳಿಗೆ ಕಾಲರ್ ಹೊಲೀತೀನಿ. ಅದೂ ಅಲ್ದೆ, ನನ್ನ ಪಾಲಿಗೆ ಅವನಿನ್ನೂ ಆರಡೀನೇ.”