ನಾಗವೇಣಿ ಬಿಚ್ಚಿದ ಎರಡು ಕೊಂಡಿ

ಹೋದ ವರ್ಷ ನಾನು ಹಗರಿಬೊಮ್ಮನಹಳ್ಳಿಯ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನೆಲ ಒರೆಸೋದು ಬಿಟ್ಟರೆ ಕಂಪ್ಯೂಟರ್ ರೂಮಿನಲ್ಲಿ ನನಗೇನೂ ಕೆಲಸವಿರಲಿಲ್ಲ. ಅಲ್ಲಿ ಕೂತು ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವಳು ನಾಗವೇಣಿ, ಉಜ್ಜಿನಿಯ ಹುಡುಗಿ. ಬಾಯಿ ಜೋರು. ಡಬ್ಬಿ ತರುತ್ತಿರಲಿಲ್ಲ, ನನ್ನ ರೊಟ್ಟಿಯಲ್ಲಿ ಅರ್ಧ ಅವಳದು.

ಕೂಡ್ಲಿಗಿ, ಹಡಗಲಿ ಕಡೆಯಿಂದಲೂ ಬಸುರಿಯರು ಬರುತ್ತಿದ್ದರು. ಅವರ ಸ್ಕ್ಯಾನು, ರಕ್ತದ ರಿಪೋರ್ಟು ಎಲ್ಲ ಸರ್ವರಿನಲ್ಲಿ. ಅದಕ್ಕೆ ಆಪತ್ತು ಬಂದರೆ ಇರಲಿ ಎಂದು ಇನ್ನೊಂದು ನಕಲು ತೆಗೆದಿಡುವ ಯಂತ್ರಗಳಿದ್ದವು. ಯಂತ್ರ ಅಂದರೆ ಕಬ್ಬಿಣದ್ದಲ್ಲ. ಸಾಫ್ಟ್‌ವೇರಿನಲ್ಲೇ ಕಟ್ಟಿದ್ದು, ವರ್ಚುವಲ್ ಅಪ್ಲಯನ್ಸ್ ಅಂತಾರೆ. ಹಳೆಯವು ಎರಡನ್ನು ತೆಗೆದು ಹೊಸದೊಂದು ಹಾಕಿದರು. ತೆಗೆಯುವ ಮೊದಲು ಅವುಗಳ ಪ್ಲಗಿನ್, ಅಂದರೆ ಮುಖ್ಯ ಪರದೆಗೆ ಅವು ಸಿಕ್ಕಿಸಿಕೊಂಡಿದ್ದ ಕೊಂಡಿ, ಬಿಚ್ಚಬೇಕಿತ್ತಂತೆ. ನಾಗವೇಣಿ ಅವಸರದಲ್ಲಿ ಯಂತ್ರವನ್ನೇ ಮೊದಲು ಅಳಿಸಿದ್ದಳು. ಕೊಂಡಿ ಉಳಿದವು. ಪರದೆ ತೆರೆದಾಗಲೆಲ್ಲ ಇಲ್ಲದ ಯಂತ್ರವನ್ನು ಹುಡುಕಿ ಕೆಂಪು ಎಚ್ಚರಿಕೆ ಬರುತ್ತಿತ್ತು.

ಆಸ್ಪತ್ರೆ ನಡೆಸುವ ಡಾಕ್ಟರು ಬಂದು ನೋಡಿದರು. "ಸಂಜಿ ಒಳಗ ಇದು ಹೋಗಬೇಕು. ಇಲ್ಲಾಂದ್ರ ದಾವಣಗೆರೆಯಿಂದ ಬ್ಯಾರೆಯವರನ್ನ ಕರಸ್ತೀನಿ, ನೀ ನಾಳಿಂದ ಬರೋದು ಬ್ಯಾಡ."

ಅವರು ಹೋದ ಮೇಲೆ ಹುಡುಗಿ ಕಣ್ಣಲ್ಲಿ ನೀರು.

"ಅಳಬ್ಯಾಡ, ಈಗಷ್ಟ ನೆಲ ಒರಿಸೀನಿ," ಅಂದೆ.

ಅತ್ತಿದ್ದು ನಿಂತಿತು, ಸಿಟ್ಟು ಬಂತು. ಪರದೆಯ ಮೇಲೆ ಕೊಂಡಿಗಳ ಪಟ್ಟಿ ತೆರೆದಳು. "ಹಳೇವೆಲ್ಲ ಒಂದ ಸಲಕ್ಕ ಕಿತ್ತೊಗೀತೀನಿ ಬೇ ಅಜ್ಜಿ. ಈ ಮೂರೂ."

"ಹಳೇವು ಎರಡು ಅಂದಿದ್ಯಲ್ಲೇ?"

"ಎಲ್ಲಾದರ ಹೆಸರೂ ಒಂದ ಥರ ಅದಾವ. ತಲಿ ತಿನಬ್ಯಾಡ."

ನಮ್ಮ ವಾರ್ಡಿನಲ್ಲಿ ಕೂಸನ್ನು ತಾಯಿಗೆ ಕೊಡುವ ಮುಂಚೆ ನರ್ಸಮ್ಮ ಇಬ್ಬರ ಕೈಗೂ ಕಟ್ಟಿದ ಹೆಸರಿನ ಪಟ್ಟಿಯನ್ನು ಗಟ್ಟಿಯಾಗಿ ಓದಬೇಕು, ಎದುರಿಗೆ ಒಬ್ಬರು ನಿಂತು ಕೇಳಬೇಕು. ಎಷ್ಟೋ ಸಲ ಆ ಒಬ್ಬರು ನಾನೇ. ಅದೇ ರೂಢಿಯಲ್ಲಿ ಅಂದೆ, "ಹೆಸರು ಗಟ್ಟಿಯಾಗಿ ಓದು, ನಾ ಕೇಳ್ತೀನಿ."

"ನಿನಗೇನ್ ತಿಳಿತೈತಿ?"

"ಏನೂ ತಿಳಿಯಂಗಿಲ್ಲ. ಓದು."

ಒಂದೊಂದೇ ಅಕ್ಷರ ಓದಿದಳು. ಮೊದಲನೆಯದು ಹಳೆಯದು, ಎರಡನೆಯದೂ ಹಳೆಯದು. ಮೂರನೆಯದರ ನಡುವೆ ನಿಂತುಬಿಟ್ಟಳು.

"ಅಯ್ಯ, ಇದು ಹೊಸಾದರದ್ದು ಬೇ! ಇದನ್ನ ಬಿಚ್ಚಿದ್ರ ನಕಲು ತಗೊಳ್ಳೋದ ನಿಂತುಬಿಡ್ತಿತ್ತು."

ಆಮೇಲೆ ಉಳಿದೆರಡನ್ನು, ಪ್ರತಿಸಲವೂ ಹೆಸರು ಓದಿ, ಒಂದೊಂದಾಗಿ ಬಿಚ್ಚಿದಳು. ಪರದೆ ಮುಚ್ಚಿ ತೆರೆದರೆ ಕೆಂಪು ಇಲ್ಲ. ನನ್ನನ್ನು ತಬ್ಬಿಕೊಂಡಳು. ನನ್ನ ಕೈ, ಸೀರಿ ಎಲ್ಲಾ ಫಿನಾಯಿಲ್, ಹಿಡೀಬ್ಯಾಡ ಅಂದರೂ ಬಿಡಲಿಲ್ಲ.

ಚಹಾ ಹೊತ್ತಿಗೆ ಡಾಕ್ಟರು ಬಂದು ಬಗ್ಗಿ ನೋಡಿದರು. ಭೇಷ್ ಅನ್ನಲಿಲ್ಲ. "ನಾಳಿ ಜಲ್ದಿ ಬಾ. ಸ್ಕ್ಯಾನಿಂಗ್ ರೂಮಿನ ಪ್ರಿಂಟರ್ ಕೆಟ್ಟೈತಿ," ಅಂದು ಹೋದರು.

ಆಸ್ಪತ್ರೆ ಕೆಲಸ ನನಗೆ ಕಲಿಸಿದ್ದು ಇಷ್ಟು. ಏನನ್ನಾದರೂ ತೆಗೆದುಹಾಕುವ ಮುಂಚೆ ಅದರ ಹೆಸರನ್ನು ಇನ್ನೊಬ್ಬರ ಕಿವಿಗೆ ಬೀಳುವಂತೆ ಹೇಳಬೇಕು. ಕೇಳುವವರಿಗೆ ತಿಳಿಯಲೇಬೇಕೆಂದಿಲ್ಲ. ನಡುವೆ ಎದ್ದು ಹೋಗದಿದ್ದರೆ ಸಾಕು.