ಬ್ರೇಕ್ ಡ್ರಮ್ಮಿನ ಜ್ವರ ನೋಡುವವರು

ಹರಾಜಿನಲ್ಲಿ ಕೊಂಡ ಹಳೆಯ ಮಿಲಿಟರಿ ಲಾರಿಯನ್ನು ಹಡಪಸರದ ಮನೆಗೆ ತರಲು ನನ್ನ ಜೊತೆ ಬಂದ ಮೆಕ್ಯಾನಿಕ್ ಯಾವ ಮೀಟರನ್ನೂ ನಂಬುತ್ತಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಲು ಹೇಳಿ, ಇಳಿದು, ಮಗುವಿನ ಜ್ವರ ನೋಡುವಂತೆ ಗಾಲಿಯ ಬ್ರೇಕ್ ಡ್ರಮ್ಮಿನ ಬಳಿ ಕೈ ಹಿಡಿಯುತ್ತಿದ್ದರು. “ಗಡಬಡಿ ಬ್ಯಾಡ್ರಿ” ಎನ್ನುತ್ತಿದ್ದರು.

ಘಾಟಿನ ಇಳಿಜಾರಿನಲ್ಲಿ, ನನ್ನ ವೇಳಾಪಟ್ಟಿ ಉಳಿಸಲೆಂದು ನಾನು ಒಂದು ಸಲ ನಿಲ್ಲಿಸಲಿಲ್ಲ. ಡ್ರಮ್ ಕಾದು, ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಬ್ರೇಕೇ ಹಿಡಿಯಲಿಲ್ಲ. ಜೇಜುರಿಯ ಜಾತ್ರೆಯಿಂದ ನಡೆದು ಮರಳುತ್ತಿದ್ದ, ಕನ್ನಡ ಮಾತಾಡುವ ನಮ್ಮ ಕಡೆಯ ಭಕ್ತರು ಮಿಲಿಟರಿ ಲಾರಿ ಕಂಡು, ದಾರಿ ಬಿಡುವ ಬದಲು ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು!

ಗಾಲಿಗೆ ಅಡ್ಡ ಕೊಡಲೆಂದು ಕಾಲ ಬಳಿ ಇಟ್ಟುಕೊಂಡಿದ್ದ ಮರದ ದಿಮ್ಮಿ ಹಿಡಿದು ಮೆಕ್ಯಾನಿಕ್ ಕೆಳಗೆ ಹಾರಿದರು. “ಸೆಲ್ಯೂಟ್ ಆಮ್ಯಾಲೆ ಹೊಡೀರಿ, ಮೊದ್ಲು ಗಾಲಿಗೆ ಕಲ್ಲು ಕೊಡ್ರೀ!”

ಎರಡನೆಯ ಗೇರಿನಲ್ಲಿ ನಿಧಾನವಾಗಿ ಇಳಿಯುತ್ತಿದ್ದ ಲಾರಿ ದಿಮ್ಮಿಯನ್ನು ಹತ್ತಿಳಿದು, ಭಕ್ತರು ಇಟ್ಟ ಕಲ್ಲುಗಳಿಗೆ ತಗುಲಿ ನಿಂತಿತು.

“ಯಾವ ಯುದ್ಧಕ್ಕ ಹೊಂಟೀರಿ?” ಎಂದು ಒಬ್ಬ ಅಜ್ಜ ಕೇಳಿದ.

“ಯುದ್ಧ ಮುಗಿಸ್ಯಾಳ್ರಿ, ಈಗ ಮನಿಗೆ ಹೊಂಟಾಳ” ಎಂದರು ಮೆಕ್ಯಾನಿಕ್, ಲಾರಿಯ ಮೈ ತಟ್ಟಿ.

ಡ್ರಮ್ ತಣಿಯುವಷ್ಟರಲ್ಲಿ ಭಕ್ತರು ಹಸಿರು ಲಾರಿಯ ಮೈತುಂಬ ಅರಿಶಿನದ ಭಂಡಾರ ಎರಚಿದ್ದರು.

ಮನೆಯ ಗೇಟಿನಲ್ಲಿ ನನ್ನ ಹೆಂಡತಿ ಕಣ್ಣರಳಿಸಿದಳು. “ಮಿಲಿಟರಿ ಲಾರಿ ಅಂದಿದ್ರಿ, ಮದುಮಗಳನ್ನ ತಂದೀರಲ್ರೀ!”

ಮೆಕ್ಯಾನಿಕ್ ಇಳಿದು ಡ್ರಮ್ಮಿನ ಬಳಿ ಕೈ ಹಿಡಿದರು. “ತಣ್ಣಗ ಅದಾಳ್ರಿ ವೈನೀ, ಒಳಗ ಕರ್ಕೋರಿ.”